ತೂಗದೆ ಬೆಲೆ ಹೇಳುವ ಗ್ಯಾರೇಜುಗಳು

"ಇಸಿಯು ಹೋಗಿದೆ." ಗಾಡಿ ಸ್ಟಾರ್ಟ್ ಆಗುವುದಿಲ್ಲ ಎಂದು ಹೇಳಿದ ಹತ್ತೇ ನಿಮಿಷಕ್ಕೆ ನಮ್ಮ ಕಡೆಯ ಹಲವು ಗ್ಯಾರೇಜುಗಳಲ್ಲಿ ಈ ತೀರ್ಪು ಬರುತ್ತದೆ. ಎಂಜಿನ್ ನಡೆಸುವ ಕಂಪ್ಯೂಟರ್ ಡಬ್ಬಿಗೆ ಇಸಿಯು ಎನ್ನುತ್ತಾರೆ. ಅದನ್ನು ಬದಲಿಸಲು ಹತ್ತಾರು ಸಾವಿರ ರೂಪಾಯಿ ಬೇಕು. ಆ ಡಬ್ಬಿಗೆ ಕರೆಂಟ್ ಕೊಡುವ ರಿಲೇ ಸಿಗುವುದು ಕೆಲವು ನೂರು ರೂಪಾಯಿಗೆ. ರಿಲೇ ನೋಡದೆ ಇಸಿಯು ಬದಲಿಸಲು ಹೇಳುವವರನ್ನು ನಾವು ಮೆಕ್ಯಾನಿಕ್ ಎಂದು ಕರೆಯುವುದನ್ನು ನಿಲ್ಲಿಸಬೇಕು. ಇದೇ ನನ್ನ ವಾದ.

ನಾನು ಅಂಗಡಿಯವರ ಮಗ. ಉಪ್ಪನ ಅಂಗಡಿಯಲ್ಲಿ ಅಕ್ಕಿ, ಬೆಲ್ಲ, ಒಣಮೀನು ಯಾವುದಕ್ಕೂ ತೂಗದೆ ಬೆಲೆ ಹೇಳುವ ಕ್ರಮ ಇರಲಿಲ್ಲ. ತಕ್ಕಡಿಗೆ ಸರಕಾರದ ಮುದ್ರೆ ಬೇಕು, ಮುದ್ರೆ ಇಲ್ಲದಿದ್ದರೆ ದಂಡ. ನೂರು ಗ್ರಾಂ ಕಡಿಮೆಯಾದರೆ ಗಿರಾಕಿ ಹೊತ್ತು ಮುಳುಗುವ ಮೊದಲು ವಾಪಸ್ ಬಂದು ಕೇಳುತ್ತಿದ್ದರು. ನೂರು ಗ್ರಾಂ ಸಕ್ಕರೆಗೆ ಜಗಳ ಮಾಡುವ ನಾವೇ ಮೂವತ್ತು ಸಾವಿರದ ಬಿಲ್ಲಿಗೆ "ಯಾವ ಅಳತೆಯ ಮೇಲೆ ಹೇಳುತ್ತೀರಿ?" ಎಂದು ಒಂದು ಮಾತು ಕೇಳುವುದಿಲ್ಲ. ಮೆಕ್ಯಾನಿಕಲ್ ಡಿಪ್ಲೊಮಾ ಓದಿ ಈ ಕೆಲಸಕ್ಕೆ ಇಳಿದ ಮೇಲೆ ನನಗೆ ಅತ್ಯಂತ ಬೇಸರ ತಂದ ಸಂಗತಿ ಇದು.

ನಷ್ಟ ಆಗುವುದು ಯಾರಿಗೆಂದು ನೋಡಿ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಗಾಡಿ ತೆಗೆದುಕೊಟ್ಟವರು ಗಲ್ಫಿನಲ್ಲಿ ಇರುತ್ತಾರೆ. ಗಾಡಿ ಓಡಿಸುವುದು ಊರಿನಲ್ಲಿರುವ ಹೆಂಡತಿ, ತಮ್ಮ ಅಥವಾ ವಯಸ್ಸಾದ ಉಪ್ಪ. "ಉಮ್ಮ, ಕಂಪ್ಯೂಟರ್ ಹೋಗಿದೆ, ಇಚ್ಚನಿಗೆ ಫೋನ್ ಮಾಡಿ ಹೇಳಿ" ಎಂದರೆ ಉಮ್ಮ ಏನು ಹೇಳಿಯಾರು? ವಾಟ್ಸಾಪಿನಲ್ಲಿ ಒಂದು ವಾಯ್ಸ್ ಹೋಗುತ್ತದೆ, ಮರುದಿನ ದುಡ್ಡು ಬರುತ್ತದೆ. ಬಿಸಿಲಲ್ಲಿ ದುಡಿದ ಒಂದು ತಿಂಗಳ ಸಂಬಳ ಯಾರೂ ಅಳೆಯದ ಒಂದು ದೋಷಕ್ಕೆ ಹೋಗುತ್ತದೆ.

ಈಗ ರಿಲೇ ಎಂದರೇನು ಎಂದು ಹೇಳುತ್ತೇನೆ. ಮುಂದಿನ ಸಲ ಗ್ಯಾರೇಜಿನಲ್ಲಿ ನಿಂತು ಕೇಳಲು ಇಷ್ಟು ಗೊತ್ತಿದ್ದರೆ ಸಾಕು. ಇಸಿಯು ಒಳಗಿನ ಟ್ರಾನ್ಸಿಸ್ಟರ್ ಸಣ್ಣ ಕರೆಂಟನ್ನು ಮಾತ್ರ ತಾಳಿಕೊಳ್ಳುತ್ತದೆ. ಪೆಟ್ರೋಲ್ ಪಂಪಿಗೆ ಸುಮಾರು 5 ಆಂಪಿಯರ್ ಬೇಕು, ರೇಡಿಯೇಟರ್ ಫ್ಯಾನಿಗೆ 20ರ ಹತ್ತಿರ ಬೇಕಾಗಬಹುದು. ಹಾಗಾಗಿ ನಡುವೆ ರಿಲೇ ಇಡುತ್ತಾರೆ. ಅದರೊಳಗೆ ತಂತಿ ಸುತ್ತಿದ ಒಂದು ಕಾಯಿಲ್, ಒಂದು ಜೊತೆ ಕಾಂಟ್ಯಾಕ್ಟ್. ಕಾಯಿಲಿನ ರೆಸಿಸ್ಟೆನ್ಸ್ 80 ಓಮ್ ಎಂದಿಟ್ಟುಕೊಂಡರೆ 12 ವೋಲ್ಟಿಗೆ ಅದು ಎಳೆಯುವುದು 0.15 ಆಂಪಿಯರ್ ಮಾತ್ರ. ಅಷ್ಟರಿಂದ ಕಾಯಿಲ್ ಅಯಸ್ಕಾಂತವಾಗಿ ಕಾಂಟ್ಯಾಕ್ಟನ್ನು ಎಳೆದು ಕೂಡಿಸುತ್ತದೆ, ದೊಡ್ಡ ಕರೆಂಟ್ ಹರಿಯುತ್ತದೆ. ರಿಲೇಯ ಅಡಿಯಲ್ಲಿ ನಂಬರ್ ಬರೆದಿರುತ್ತದೆ: 85 ಮತ್ತು 86 ಕಾಯಿಲಿನ ಎರಡು ತುದಿ, 30 ಬ್ಯಾಟರಿಯಿಂದ ಬರುವ ಕರೆಂಟ್, 87 ಪಂಪಿಗೋ ಫ್ಯಾನಿಗೋ ಹೋಗುವ ದಾರಿ. ಸಣ್ಣ ರಿಲೇಗಳಲ್ಲಿ 1, 2, 3, 5 ಎಂದು ಇರಬಹುದು, ಲೆಕ್ಕ ಒಂದೇ.

ಇಸಿಯುಗೂ ಕರೆಂಟ್ ಬರುವುದು ಹೆಚ್ಚಿನ ಗಾಡಿಗಳಲ್ಲಿ ಮೇನ್ ರಿಲೇ ಮೂಲಕವೇ. ಮೇನ್ ರಿಲೇ ಕೂಡದಿದ್ದರೆ ಚೆಕ್ ಎಂಜಿನ್ ದೀಪ ಉರಿಯದೇ ಇರಬಹುದು, ಸ್ಕ್ಯಾನರ್ ಇಸಿಯು ಜೊತೆ ಮಾತನಾಡದೇ ಇರಬಹುದು. ಆಗ "ನೋಡಿ, ಸ್ಕ್ಯಾನರಿಗೇ ಸಿಗುತ್ತಿಲ್ಲ, ಇಸಿಯು ಸತ್ತಿದೆ" ಎನ್ನುತ್ತಾರೆ. ಕರೆಂಟ್ ಇಲ್ಲದ ಮನೆಯಲ್ಲಿ ಫ್ಯಾನ್ ತಿರುಗದಿದ್ದರೆ ಫ್ಯಾನ್ ಸುಟ್ಟಿದೆ ಎಂದು ಹೊಸದು ತರುತ್ತೇವೆಯೇ?

ಸ್ಕ್ಯಾನರ್ ಮೇಲಿನ ಕುರುಡು ನಂಬಿಕೆಯೂ ಇದೇ ರೋಗದ ಭಾಗ. ನಮ್ಮ ದೇಶದ ಕಾರುಗಳಲ್ಲಿ ಒಬಿಡಿಯ ಎರಡನೇ ಹಂತ 2013ರಿಂದ ಕಡ್ಡಾಯವಾಗಿದೆ. ಅಂದಿನಿಂದ ಪ್ರತಿ ಗ್ಯಾರೇಜಿನವರ ಕೈಯಲ್ಲೂ ಒಂದು ಸ್ಕ್ಯಾನರ್. ಒಳ್ಳೆಯದೇ. ಆದರೆ ಪಿ 0685 ಎಂದು ಬಂದರೆ ಅದರ ಅರ್ಥ ಇಸಿಯುವಿನ ಪವರ್ ರಿಲೇ ಕಂಟ್ರೋಲ್ ಸರ್ಕ್ಯೂಟಿನಲ್ಲಿ ತೊಂದರೆ ಎಂದು ಮಾತ್ರ. ಆ ಸರ್ಕ್ಯೂಟಿನಲ್ಲಿ ಫ್ಯೂಸ್ ಇದೆ, ರಿಲೇಯ ಕಾಯಿಲ್ ಇದೆ, ಸಾಕೆಟ್ಟಿನ ಪಿನ್ ಇದೆ, ವಯರ್ ಇದೆ, ಕೊನೆಗೆ ಇಸಿಯು ಕೂಡ ಇದೆ. ಪಿ 0230 ಬಂದರೆ ಪೆಟ್ರೋಲ್ ಪಂಪಿನ ಪ್ರೈಮರಿ ಸರ್ಕ್ಯೂಟ್, ಅಂದರೆ ರಿಲೇಯನ್ನು ನಡೆಸುವ ಭಾಗ. ಪಂಪ್ ಬದಲಿಸಿ ಎಂದು ಅದು ಎಲ್ಲಿಯೂ ಹೇಳುವುದಿಲ್ಲ. ಪಿನ್‌ಕೋಡ್ ನೋಡಿ ಅಂಚೆ ಕಚೇರಿ ಯಾವುದೆಂದು ತಿಳಿಯಬಹುದು, ಮನೆ ಹುಡುಕಲು ನಡೆದೇ ಹೋಗಬೇಕು. ಗ್ಯಾರೇಜಿನಲ್ಲಿ ಆ ನಡಿಗೆಗೆ ಬೇಕಾದದ್ದು ಮಲ್ಟಿಮೀಟರ್.

ಅಳೆಯುವ ಕ್ರಮ ಕಷ್ಟದ್ದಲ್ಲ. ಕೀ ಆನ್ ಮಾಡಿ ಕಿವಿಕೊಡಿ. ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಎರಡು ಮೂರು ಸೆಕೆಂಡು ಪಂಪಿನ ಸದ್ದು ಕೇಳಬೇಕು. ಕೇಳದಿದ್ದರೆ ಪಂಪಿನ ರಿಲೇ ತೆಗೆದು ಸಾಕೆಟ್ಟಿನಲ್ಲಿ ನಾಲ್ಕು ಪ್ರಶ್ನೆ ಕೇಳಬೇಕು. 30ರಲ್ಲಿ ಬ್ಯಾಟರಿಯ ವೋಲ್ಟ್ ಇದೆಯೇ? ಕಾಯಿಲಿನ ಒಂದು ತುದಿಗೆ 12 ವೋಲ್ಟ್ ಬರುತ್ತಿದೆಯೇ? ಕೀ ಆನ್ ಆದಾಗ ಇನ್ನೊಂದು ತುದಿಗೆ ಇಸಿಯು ಅರ್ತ್ ಕೊಡುತ್ತಿದೆಯೇ? ಫ್ಯೂಸ್ ಇರುವ ವಯರಿನಿಂದ 30 ಮತ್ತು 87ನ್ನು ಕ್ಷಣಕಾಲ ಸೇರಿಸಿದರೆ ಪಂಪ್ ಓಡುತ್ತದೆಯೇ? ನಾಲ್ಕಕ್ಕೂ ಹೌದು ಎಂದಾದರೆ ಉಳಿದದ್ದು ರಿಲೇ ಮತ್ತು ಅದು ಕೂರುವ ಪಿನ್ ಮಾತ್ರ. ಮುಖ್ಯವಾಗಿ ಮೂರನೆಯ ಪ್ರಶ್ನೆ ಗಮನಿಸಿ. ಇಸಿಯು ಅರ್ತ್ ಕೊಡುತ್ತಿದೆ ಎಂದರೆ ಅದು ಬದುಕಿದೆ, ಪಂಪಿಗೆ ಅಪ್ಪಣೆ ಕೊಡುತ್ತಿದೆ. ಅಪ್ಪಣೆ ಕೊಟ್ಟವನನ್ನೇ ಸತ್ತವನೆಂದು ಬಿಲ್ ಹಾಕುವುದು ಯಾವ ನ್ಯಾಯ?

ಇಲ್ಲಿ ಕೆಲವು ಮೆಕ್ಯಾನಿಕ್‌ಗಳು ಹೇಳುವ ಮಾತಿಗೆ ಉತ್ತರ ಕೊಡಬೇಕು. "ರಿಲೇ ಟಿಕ್ ಎನ್ನುತ್ತಿದೆ, ಹಾಗಾಗಿ ಸರಿ ಇದೆ" ಎನ್ನುತ್ತಾರೆ. ಟಿಕ್ ಎನ್ನುವುದು ಕಾಯಿಲ್ ಎಳೆದ ಸದ್ದು. ಕಾಂಟ್ಯಾಕ್ಟ್ ಸುಟ್ಟು ಕಪ್ಪಾಗಿದ್ದರೂ ಟಿಕ್ ಎನ್ನುತ್ತದೆ. "ಮೀಟರಿನಲ್ಲಿ ಬೀಪ್ ಬಂತು" ಎನ್ನುತ್ತಾರೆ. ಕಾಂಟ್ಯಾಕ್ಟಿನಲ್ಲಿ 0.2 ಓಮ್ ಹೆಚ್ಚಿದ್ದರೆ ಮೀಟರ್ ಆರಾಮವಾಗಿ ಬೀಪ್ ಎನ್ನುತ್ತದೆ. ಪ್ರೋಬಿನ ವಯರಿಗೇ ಅಷ್ಟು ಇರುತ್ತದೆ. ಆದರೆ ಅದೇ 0.2 ಓಮ್ 5 ಆಂಪಿಯರಿನ ಪಂಪಿಗೆ 1 ವೋಲ್ಟ್ ನುಂಗುತ್ತದೆ, 20 ಆಂಪಿಯರಿನ ಫ್ಯಾನಿಗೆ 4 ವೋಲ್ಟ್. ಆದ್ದರಿಂದ ಪಂಪ್ ಓಡುತ್ತಿರುವಾಗಲೇ 30 ಮತ್ತು 87ರ ನಡುವೆ ವೋಲ್ಟ್ ನೋಡಬೇಕು. 0.2ರ ಒಳಗಿದ್ದರೆ ಸರಿ. ಅರ್ಧ ವೋಲ್ಟ್ ಬಂದರೆ ಆ ರಿಲೇ ಕಸದ ಬುಟ್ಟಿಗೆ.

ನಮ್ಮದು ಕಡಲ ತಡಿ ಎಂಬುದನ್ನೂ ಮರೆಯುತ್ತೇವೆ. ಉಪ್ಪಿನ ಗಾಳಿ, ನಾಲ್ಕು ತಿಂಗಳ ಮಳೆ. ರಿಲೇ ಹೊಸದಾದರೂ ಸಾಕೆಟ್ಟಿನ ಪಿನ್ನಿಗೆ ಹಸಿರು ಕಿಲುಬು ಹಿಡಿದಿರುತ್ತದೆ. ನನಗೆ ಗೊತ್ತಿರುವ ಒಂದು ಮನೆಯ ಕಾರಿಗೆ ಒಂದು ಗ್ಯಾರೇಜಿನವರು ಹಳೆಯ ಇಸಿಯು ತಂದು ಹಾಕಿದರು. ಇಮ್ಮೊಬಿಲೈಸರ್ ಕೀಗೆ ಹೊಂದಲಿಲ್ಲ. ಪ್ರೋಗ್ರಾಮಿಂಗಿಗೆ ಬೇರೆ ದುಡ್ಡು ಹೋಯಿತು. ಎರಡು ವಾರ ಓಡಿತು, ಮಳೆ ಬಂದಾಗ ಮತ್ತೆ ನಿಂತಿತು. ನಾನು ಹೋಗಿ ನೋಡಿದಾಗ ಮೇನ್ ರಿಲೇಯ ಸಾಕೆಟ್ಟಿನ 30ನೇ ಪಿನ್ ಹಸಿರಾಗಿ ಸಡಿಲವಾಗಿತ್ತು. ಹೊಸ ಪಿನ್ ಹಾಕಿ, ರಿಲೇ ಬದಲಿಸಿದೆ. ಅವರ ಹಳೆಯ ಇಸಿಯುವನ್ನೇ ವಾಪಸ್ ಹಾಕಿದೆವು, ಗಾಡಿ ಇವತ್ತೂ ಅದರಲ್ಲೇ ಓಡುತ್ತಿದೆ.

ಇದಕ್ಕಿಂತ ಅಪಾಯದ ಇನ್ನೊಂದು ಚಾಳಿ ಇದೆ: "ಡೈರೆಕ್ಟ್ ಮಾಡಿದ್ದೇವೆ." ರಿಲೇಯನ್ನು ತಪ್ಪಿಸಿ ಪಂಪಿಗೆ ಕೀಯಿಂದ ನೇರ ವಯರ್ ಎಳೆಯುವುದು. ಅಪಘಾತದಲ್ಲಿ ಎಂಜಿನ್ ನಿಂತ ಕೂಡಲೇ ಇಸಿಯು ರಿಲೇಯನ್ನು ಬಿಟ್ಟು ಪಂಪ್ ನಿಲ್ಲಿಸುತ್ತದೆ. ಡೈರೆಕ್ಟ್ ಮಾಡಿದ ಗಾಡಿಯಲ್ಲಿ ಕೀ ಆನ್ ಇರುವವರೆಗೆ ಪಂಪ್ ಓಡುತ್ತಲೇ ಇರುತ್ತದೆ, ಒಡೆದ ಪೈಪಿನಿಂದ ಪೆಟ್ರೋಲ್ ಬಿಸಿ ಎಂಜಿನ್ ಮೇಲೆ ಸುರಿಯುತ್ತದೆ. ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಹೆದ್ದಾರಿಯಲ್ಲಿ ಹೋಗುವ ಗಾಡಿ ಅದು. ದಾರಿಯಲ್ಲಿ ಸಿಕ್ಕಿಹಾಕಿಕೊಂಡಾಗ ಗ್ಯಾರೇಜಿನವರೆಗೆ ತರಲು ಮಾಡಿದರೆ ಒಪ್ಪಬಹುದು. ಹಾಗೇ ಬಿಟ್ಟು ಗಿರಾಕಿಗೆ ಕೊಡುವವರನ್ನು ನಾನು ಜಾಣರು ಎನ್ನಲಾರೆ.

ಗ್ಯಾರೇಜಿನವರ ಪಕ್ಷದ ಮಾತೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಅವರಲ್ಲಿ ಅನೇಕರು ನಮ್ಮವರೇ, ನಮ್ಮ ಅಣ್ಣತಮ್ಮಂದಿರೇ. ಅವರು ಕೇಳುತ್ತಾರೆ: "ಒಂದು ಗಂಟೆ ಮೀಟರ್ ಹಿಡಿದು ನೋಡಿ, ರಿಲೇ ಹಾಕಿ ಐನೂರು ಕೇಳಿದರೆ 'ಇಷ್ಟು ಸಣ್ಣ ಡಬ್ಬಿಗೆ ಐನೂರಾ?' ಎಂದು ಜಗಳಕ್ಕೆ ಬರುತ್ತೀರಿ. ದೊಡ್ಡ ಪಾರ್ಟ್ ಹಾಕಿದರೆ ಬಾಯಿ ಮುಚ್ಚಿ ಕೊಡುತ್ತೀರಿ. ನಾವೇನು ಮಾಡುವುದು?" ಈ ಮಾತು ನಿಜ. ಪಾರ್ಟಿಗೆ ದುಡ್ಡು, ತಿಳಿವಳಿಕೆಗೆ ದುಡ್ಡಿಲ್ಲ ಎಂಬ ಗಿರಾಕಿಗಳೇ ಈ ವ್ಯಾಪಾರವನ್ನು ಸಾಕಿದ್ದಾರೆ. ಡಾಕ್ಟರಿಗೆ ನೋಡಿದ್ದಕ್ಕೆ ಫೀಸು ಕೊಡುತ್ತೇವೆ, ಮದ್ದಿಗೆ ಬೇರೆ ಕೊಡುತ್ತೇವೆ. ಮೆಕ್ಯಾನಿಕ್‌ಗೂ ನೋಡಿದ್ದಕ್ಕೆ ಕೊಡಬೇಕು. ಕೊಡದೆ ಮೋಸ ಮೋಸ ಎಂದು ಕೂಗುವುದು ಅರ್ಧ ಸತ್ಯ. ಆದರೆ ಗಿರಾಕಿ ಜಿಪುಣ ಎಂಬುದು ಸುಳ್ಳು ಹೇಳಲು ಪರವಾನಗಿಯೂ ಅಲ್ಲ. ಪರೀಕ್ಷೆಯ ಫೀಸು ಇಷ್ಟು ಎಂದು ಬೋರ್ಡ್ ಹಾಕಿ, ತೆಗೆದುಕೊಳ್ಳಿ, ಅಳೆದು ತೋರಿಸಿ.

ಮನೆಯವರಿಗೆ ನನ್ನ ಮಾತು ಇಷ್ಟೇ. ದೊಡ್ಡ ಪಾರ್ಟ್ ಎಂದ ಕೂಡಲೇ ಮೂರು ಕೇಳಿ: ಫ್ಯೂಸ್, ರಿಲೇ, ಅರ್ತ್ ಅಳೆದಿರಾ? ಎಷ್ಟು ವೋಲ್ಟ್ ಬಂತು? ಬದಲಿಸಿದ ಹಳೆಯ ಪಾರ್ಟ್ ನನಗೆ ಕೊಡುತ್ತೀರಾ? ಊರಿನಲ್ಲಿ ಇರುವವರಿಗೆ ಕೇಳಲು ಸಂಕೋಚವಾದರೆ, ಗಲ್ಫಿನಲ್ಲಿರುವವರು ದುಡ್ಡು ಕಳಿಸುವ ಮೊದಲು ಮೀಟರಿನ ಫೋಟೊ ಕಳಿಸಲು ಹೇಳಲಿ. ಅಳೆದವರಿಗೆ ಅದು ಒಂದು ನಿಮಿಷದ ಕೆಲಸ. ಫೋಟೊ ಕೇಳಿದ್ದಕ್ಕೆ ಸಿಟ್ಟಾದರೆ ಗಾಡಿಯನ್ನು ಬೇರೆ ಕಡೆಗೆ ಟೋ ಮಾಡಿಸಿ.