1347: ಸ್ವತಂತ್ರರಾದವರು ಯಾರು?

ಭಾಲ್ಕಿಯ ಪ್ರೌಢಶಾಲೆಯೊಂದರಲ್ಲಿ ನಾನು ಸಮಾಜ ವಿಜ್ಞಾನ ಬೋಧಿಸುತ್ತಿದ್ದ ದಿನಗಳ ಮಾತು. ಬಹಮನಿ ರಾಜ್ಯದ ಪಾಠ ನಡೆದಿತ್ತು. ‘1347ರಲ್ಲಿ ಅಲ್ಲಾವುದ್ದೀನ್ ಹಸನನು ದೆಹಲಿಯ ಅಧೀನತೆಯನ್ನು ಕಿತ್ತೊಗೆದು ಸ್ವತಂತ್ರ ರಾಜ್ಯವನ್ನು ಸ್ಥಾಪಿಸಿದನು’ ಎಂದು ಹಲಗೆಯ ಮೇಲೆ ಬರೆದೆ. ಔರಾದ ಕಡೆಯಿಂದ ಬಂದು ವಸತಿನಿಲಯದಲ್ಲಿದ್ದ ಹುಡುಗನೊಬ್ಬ ಎದ್ದು ನಿಂತು, “ಸರ್, ಹಂಗಾದ್ರ ಅವತ್ತು ನಮ್ಮ ಊರ ಮಂದಿಗೂ ಸ್ವಾತಂತ್ರ್ಯ ಸಿಕ್ಕಿತೇನ್ರಿ?” ಎಂದು ಕೇಳಿದ. ತರಗತಿ ನಕ್ಕಿತು. ನಾನೂ ನಕ್ಕೆ. “ಅದು ಪರೀಕ್ಷೆಗೆ ಬರೂದಿಲ್ಲ, ಕೂಡು” ಎಂದೆ. ಪ್ರಶ್ನೆ ಕೇಳುವ ವಿದ್ಯಾರ್ಥಿಯನ್ನು ಪ್ರೋತ್ಸಾಹಿಸಬೇಕೆಂದು ಬಿ.ಎಡ್.ನಲ್ಲಿ ಕಲಿತು ಬಂದವನು ನಾನು! ನಿವೃತ್ತನಾದ ಮೇಲೆ, ಬೀದರದ ಕೋಟೆಯ ಕಡೆ ವಾಯುವಿಹಾರಕ್ಕೆ ಹೋದಾಗಲೆಲ್ಲ ಆ ಪ್ರಶ್ನೆ ನನ್ನ ಬೆನ್ನು ಬಿಡುವುದಿಲ್ಲ.

ನಡೆದದ್ದಾದರೂ ಏನು? ಮಹಮ್ಮದ್ ಬಿನ್ ತುಘಲಕನ ಕಾಲದಲ್ಲಿ ದಖ್ಖನಿನ ಆಡಳಿತ ನಿಂತಿದ್ದದ್ದು ‘ಸದಾ ಅಮೀರ’ರೆಂಬ ಅಧಿಕಾರಿಗಳ ಮೇಲೆ. ನೂರು ಹಳ್ಳಿಗಳ ಉಸ್ತುವಾರಿಯುಳ್ಳವರು ಅಥವಾ ನೂರು ಸೈನಿಕರ ನಾಯಕರು ಎಂದು ಆ ಹೆಸರನ್ನು ಅರ್ಥೈಸುತ್ತಾರೆ. ಮಾಳವದ ಧಾರ್‌ನಲ್ಲಿ ಸುಲ್ತಾನನ ಅಧಿಕಾರಿ ಇಂಥ ಎಂಬತ್ತಕ್ಕೂ ಹೆಚ್ಚು ಅಮೀರರ ತಲೆ ತೆಗೆಸಿದ. ಬಳಿಕ ದೌಲತಾಬಾದಿನ ಅಮೀರರಿಗೆ ಗುಜರಾತಿನ ಶಿಬಿರಕ್ಕೆ ಬರಬೇಕೆಂದು ಕರೆ ಬಂದಾಗ, ಆ ಕರೆಯ ಅರ್ಥವನ್ನು ಯಾರೂ ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅರ್ಧ ದಾರಿಯಿಂದ ಹಿಂದಿರುಗಿದರು, ಕೋಟೆಯನ್ನು ವಶಪಡಿಸಿಕೊಂಡರು, ತಮ್ಮಲ್ಲಿ ಹಿರಿಯನಾದ ಇಸ್ಮಾಯಿಲ್ ಮುಖ್‌ನನ್ನು ದೊರೆಯನ್ನಾಗಿ ಆರಿಸಿಕೊಂಡರು. ತುಘಲಕನೇ ದಂಡೆತ್ತಿ ಬಂದು ಅವರನ್ನು ಸೋಲಿಸಿ ಕೋಟೆಗೆ ಮುತ್ತಿಗೆ ಹಾಕಿದ. ಅಷ್ಟರಲ್ಲಿ ಗುಜರಾತಿನಲ್ಲಿ ಇನ್ನೊಂದು ದಂಗೆಯೆದ್ದು ಅವನು ಅತ್ತ ಓಡಬೇಕಾಯಿತು. ಉಳಿದ ಸೇನೆಯನ್ನು ಸೋಲಿಸಿದವನು ಹಸನ್. ವೃದ್ಧ ಇಸ್ಮಾಯಿಲ್ ತಾನಾಗಿ ಸಿಂಹಾಸನ ಬಿಟ್ಟುಕೊಟ್ಟ. 1347ರ ಆಗಸ್ಟ್ 3ರಂದು ಹಸನನಿಗೆ ಪಟ್ಟವಾಯಿತು. ರಾಜಧಾನಿ ಕಲಬುರಗಿಗೆ ಬಂತು. ಬೀದರಕ್ಕೆ ಅದು ಬಂದದ್ದು ಹದಿನೈದನೆಯ ಶತಮಾನದಲ್ಲಿ, ಅಹ್ಮದ್ ಶಾಹನ ಕಾಲಕ್ಕೆ.

ಅಂದಿನ ಸ್ವಾತಂತ್ರ್ಯ ಘೋಷಣೆಗೆ ಕಾಗದ ಬೇಕಿರಲಿಲ್ಲ. ಶುಕ್ರವಾರದ ಪ್ರಾರ್ಥನೆಯ ಖುತ್ಬಾದಲ್ಲಿ ಹೊಸ ದೊರೆಯ ಹೆಸರು ಓದಿಸುವುದು, ಅವನ ಹೆಸರಿನಲ್ಲಿ ನಾಣ್ಯ ಟಂಕಿಸುವುದು, ಇವೆರಡಾದರೆ ಘೋಷಣೆ ಮುಗಿಯಿತು. ದೂರದ ಸ್ಕಾಟ್ಲೆಂಡಿನಲ್ಲಿ ಇದಕ್ಕೆ 27 ವರ್ಷ ಮೊದಲು, 1320ರಲ್ಲಿ, ಅಲ್ಲಿನ ಸರದಾರರು ಪೋಪ್ ಗುರುವಿಗೆ ಲ್ಯಾಟಿನ್ ಭಾಷೆಯಲ್ಲಿ ಪತ್ರ ಬರೆದು, ತಮ್ಮ ದೊರೆ ಇಂಗ್ಲೆಂಡಿಗೆ ತಲೆಬಾಗಿದರೆ ಅವನನ್ನೇ ಹೊರಹಾಕಿ ಬೇರೊಬ್ಬನನ್ನು ಆರಿಸಿಕೊಳ್ಳುವುದಾಗಿ ತಿಳಿಸಿದ್ದರು. ಆರ್‌ಬ್ರೋತ್ ಘೋಷಣೆಯೆಂದು ಅದು ಜಗತ್ಪ್ರಸಿದ್ಧ. ನಮ್ಮ ಅಮೀರರು ಇಂಥ ಪತ್ರ ಬರೆಯದಿದ್ದರೂ ಒಬ್ಬನನ್ನು ಆರಿಸಿ, ಅವನು ಕೆಳಗಿಳಿದಾಗ ಮತ್ತೊಬ್ಬನನ್ನು ಒಪ್ಪಿ, ಅದೇ ಕೆಲಸವನ್ನು ಮಾಡಿ ತೋರಿಸಿದರು. ನಮ್ಮ ಪಠ್ಯಪುಸ್ತಕಗಳು ಇದನ್ನು ಒಂದೇ ಸಾಲಿನಲ್ಲಿ ಮುಗಿಸುವುದು ನ್ಯಾಯವಲ್ಲ ಎಂಬುದು ನನ್ನ ಮೊದಲ ದೂರು.

ಪತ್ರವಿಲ್ಲದಿದ್ದರೂ ಒಂದು ಕಾವ್ಯವಿದೆ. ಇಸಾಮಿ ಎಂಬ ಕವಿ ಪಾರಸಿ ಭಾಷೆಯಲ್ಲಿ ‘ಫುತೂಹ್-ಉಸ್-ಸಲಾತೀನ್’ ಬರೆದು 1350ರಲ್ಲಿ ಮುಗಿಸಿ ಹಸನನಿಗೆ ಅರ್ಪಿಸಿದ. ತುಘಲಕನು ದೆಹಲಿಯವರನ್ನು ದೌಲತಾಬಾದಿಗೆ ಹೊರಡಿಸಿದಾಗ ಹದಿಹರೆಯದ ಇಸಾಮಿ, ತೊಂಬತ್ತು ವರ್ಷದ ಅಜ್ಜನೊಡನೆ ಹೊರಟಿದ್ದ. ಅಜ್ಜ ದಾರಿಯಲ್ಲೇ ತೀರಿಕೊಂಡ. ತುಘಲಕನ ವಿರುದ್ಧ ದಂಗೆಯೇಳುವುದು ಏಕೆ ನ್ಯಾಯವಾಗಿತ್ತೆಂದು ಆ ಮೊಮ್ಮಗ ಸಾವಿರಾರು ದ್ವಿಪದಿಗಳಲ್ಲಿ ವಾದಿಸುತ್ತಾನೆ. ಇಸಾಮಿ ಆಸ್ಥಾನದ ಆಶ್ರಿತ, ಪಕ್ಷಪಾತಿ, ನಿಜ. ಆದರೆ ಘೋಷಣೆ ಬರೆಯುವವರು ಎಂದಾದರೂ ನಿಷ್ಪಕ್ಷಪಾತಿಗಳಾಗಿರುತ್ತಾರೆಯೇ? (ಹಸನನು ಗಂಗು ಎಂಬ ಬ್ರಾಹ್ಮಣನ ಬಳಿ ಚಾಕರಿಗಿದ್ದ ಎಂಬ ಕಥೆ ಬಹು ತಡವಾಗಿ ಬಂದದ್ದು. ಅದನ್ನು ನಾನೂ ವರ್ಷಾನುಗಟ್ಟಲೆ ರಸವತ್ತಾಗಿ ಹೇಳಿದ್ದೇನೆ. ಹಳೆಯ ವಿದ್ಯಾರ್ಥಿಗಳು ಕ್ಷಮಿಸಬೇಕು.)

ಇನ್ನು ಔರಾದದ ಹುಡುಗನ ಪ್ರಶ್ನೆ. ಇಸಾಮಿಯ ಅಜ್ಜನಿಗೆ ಕಾವ್ಯದಲ್ಲಿ ಸ್ಥಳ ಸಿಕ್ಕಿತು. ಮಾಂಜ್ರಾ ದಂಡೆಯಲ್ಲಿ ಜೋಳ ಬಿತ್ತುತ್ತಿದ್ದವನಿಗೆ ಸಿಗಲಿಲ್ಲ. ಅವನು ಕಂದಾಯ ಕಟ್ಟುತ್ತಿದ್ದ ಕೈ ಬದಲಾಯಿತು, ಅಷ್ಟೆ. ಆದರೂ ಸಾಮಾನ್ಯ ಜನರ ಅಭಿಪ್ರಾಯ ಒಂದು ಕಡೆ ಇಣುಕುತ್ತದೆ. ಎರಡನೆಯ ಸುಲ್ತಾನ ಒಂದನೆಯ ಮಹಮ್ಮದ್ ಶಾಹನು ಬಹಮನಿ ನಾಣ್ಯವನ್ನೇ ಚಲಾವಣೆಗೆ ತರಲು ಹಟ ಹಿಡಿದಾಗ, ಅಕ್ಕಸಾಲಿಗರೂ ಸಾಹುಕಾರರೂ ಆ ನಾಣ್ಯಗಳನ್ನು ಕರಗಿಸಿ ಹಾಕುತ್ತಿದ್ದರಂತೆ. ದಖ್ಖನಿನ ಹಳೆಯ ಹೊನ್ನೇ ಅವರಿಗೆ ಬೇಕಾಗಿತ್ತು. ವಿಜಯಾಪುರದಲ್ಲಿ ನೆಲಸಿದ್ದ ಇತಿಹಾಸಕಾರ ಫಿರಿಶ್ತಾ ಇದನ್ನು ಬರೆದಿದ್ದಾನೆ. ವಿಜಯನಗರ, ವಾರಂಗಲ್ಲುಗಳ ಅರಸರ ಕುಮ್ಮಕ್ಕಿತ್ತೆಂದೂ, ಕರಗಿಸಿದವರಿಗೆ ಸುಲ್ತಾನ ಮರಣದಂಡನೆ ವಿಧಿಸಿದನೆಂದೂ ಅವನೇ ಹೇಳುತ್ತಾನೆ. ಮಸೀದಿಯಲ್ಲಿ ಓದಿದ ಹೆಸರಿಗೆ ಸಂತೆಯಲ್ಲಿ ಮಾನ್ಯತೆ ಸಿಗಲು ಕತ್ತಿ ಬೇಕಾಯಿತು.

ಆರು ಶತಮಾನಗಳ ತರುವಾಯ ನಮ್ಮ ನೆಲದ ಮೇಲೆ ಮತ್ತೊಂದು ಸ್ವಾತಂತ್ರ್ಯ ಘೋಷಣೆಯಾಯಿತು. ಬ್ರಿಟಿಷರು ಹೋದೊಡನೆ ತಾನು ಸ್ವತಂತ್ರ ಸಾರ್ವಭೌಮನೆಂದು ನಿಜಾಮನು 1947ರ ಜೂನ್‌ನಲ್ಲಿ ಸಾರಿದ. ಆಗಲೂ ಔರಾದದವರನ್ನು ಯಾರೂ ಕೇಳಲಿಲ್ಲ. 1948ರ ಮೇ ತಿಂಗಳಲ್ಲಿ ಗೋರಟಾ ಗ್ರಾಮದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡ ಆ ‘ಸ್ವಾತಂತ್ರ್ಯ’ದ ನೆರಳಿನಲ್ಲೇ ಆದದ್ದು. ನಮ್ಮ ಹಿರಿಯರು ಆ ಸೆಪ್ಟೆಂಬರ್ 17ನ್ನು ಇತ್ತೀಚಿನ ಭಾಷಣಗಳ ಭಾಷೆಯಲ್ಲಿ ‘ವಿಮೋಚನೆ’ ಎನ್ನುತ್ತಿರಲಿಲ್ಲ, ‘ಪೊಲೀಸ್ ಆಕ್ಷನ್’ ಎನ್ನುತ್ತಿದ್ದರು. ನಮ್ಮ ಅಜ್ಜಿಗಂತೂ ಎಲ್ಲ ಕಾಲಗಣನೆಗೂ ಅದೇ ಗುರುತು: ಇಂಥವನು ಆಕ್ಷನ್ನಿಗಿಂತ ಮೊದಲು ಹುಟ್ಟಿದವನು, ಇಂಥವಳ ಮದುವೆ ಆಕ್ಷನ್ ಆದ ಮೇಲೆ.

ಈಚೆಗೆ ಬಹಮನಿ ಕಾಲವನ್ನು ಕುರಿತ ಮಾತುಗಳಲ್ಲಿ ಎರಡೇ ದನಿ ಕೇಳುತ್ತವೆ: ಒಂದು ಗುಮ್ಮಟಗಳನ್ನು ತೋರಿಸಿ ಹೊಗಳುವುದು, ಇನ್ನೊಂದು ಅದು ‘ನಮ್ಮದಲ್ಲ’ವೆಂದು ತಳ್ಳುವುದು. ನನಗೆ ಎರಡೂ ಒಪ್ಪಿಗೆಯಿಲ್ಲ. ಅಷ್ಟೂರಿನಲ್ಲಿ ಅಹ್ಮದ್ ಶಾಹನ ಗೋರಿಗೆ ಇಂದಿಗೂ ಹಿಂದೂಗಳೂ ಮುಸಲ್ಮಾನರೂ ಜಾತ್ರೆಗೆ ಹೋಗುತ್ತಾರೆ. ಅಂಥ ಇತಿಹಾಸವನ್ನು ಯಾರಿಗೆಂದು ಪಾಲು ಹಾಕಿ ಕೊಡುವುದು? 1347ನ್ನು ದಖ್ಖನಿನ ಸ್ವಾತಂತ್ರ್ಯ ಘೋಷಣೆಯೆಂದೇ ಕಲಿಸಲಿ. ಅದರ ಕಾರಣ, ಆರಿಸಿದ ದೊರೆ, ಇಳಿದ ದೊರೆ, ಇಸಾಮಿಯ ಅಜ್ಜ, ಎಲ್ಲವನ್ನೂ ಹೇಳಲಿ. ಆಮೇಲೆ ಕರಗಿದ ನಾಣ್ಯಗಳನ್ನೂ ಹೇಳಲಿ. ಎರಡು ಪೀರಿಯಡ್ ಸಾಕು.

ಆ ಹುಡುಗನಿಗೆ ಈಗ ನಲವತ್ತು ದಾಟಿರಬೇಕು. ಎಲ್ಲಿದ್ದಾನೋ ತಿಳಿಯದು. ‘ಇಲ್ಲಪ್ಪ, ಸಿಗಲಿಲ್ಲ, ಆದರೆ ನೀನು ಕೇಳಿದ್ದು ಸರಿ’ ಎಂದು ಅಂದೇ ಹೇಳಬಹುದಾಗಿತ್ತು.