ಕೆಂಪು ಗೆರೆ ನಮ್ಮ ಮೇಷ್ಟ್ರಲ್ಲ

ನಮ್ಮತ್ತೆ ಮಾಡೋ ಅಡುಗೆನೆಲ್ಲ ಬರ್ದಿಡೋಣ ಅಂತ ಹೋದ ಶ್ರಾವಣದಿಂದ ಮಧ್ಯಾಹ್ನ ಹೊತ್ತು ಕಂಪ್ಯೂಟರ್ ಮುಂದೆ ಕೂರ್ತಿದೀನಿ. ಅತ್ತೆ ಮಾಗಡಿ ಕಡೆಯೋರು. ವಿಜಯನಗರಕ್ಕೆ ಬಂದು ನಲವತ್ತು ವರ್ಷ ಆದ್ರೂ ಮಾತು ಮಾತ್ರ ಊರಿಂದೇ. "ಎಸ್ರು ಕುದಿಯೋವಾಗ ಒಸಿ ಹಿಟ್ಟು ಉದುರ್ಸು, ಆಮ್ಯಾಕೆ ಮಿಕ್ಕಿದ್ದ ಆಕು" ಅಂತಾರೆ. ಅವರು ಹೇಳಿದ ಹಾಗೇ ಹೊಡೀತೀನಿ. ಎಸ್ರು ಕೆಳಗೆ ಕೆಂಪು ಗೆರೆ, ಒಸಿ ಕೆಳಗೆ ಕೆಂಪು ಗೆರೆ, ಆಮ್ಯಾಕೆ ಕೆಳಗೂ ಕೆಂಪು ಗೆರೆ.

ನನ್ನ ತಂಗಿ ಮಗಳು ಬಂದಿದ್ಲು. "ದೊಡ್ಡಮ್ಮ, ಎಷ್ಟೊಂದು ತಪ್ಪು! ಎಲ್ಲಾ ಸರಿ ಮಾಡ್ಬಿಡ್ತೀನಿ ಇರಿ" ಅಂದ್ಲು. ನಾನು ಬೇಡ ಅನ್ನೋಷ್ಟರಲ್ಲಿ ಎಲ್ಲಾ ಪುಟದಲ್ಲೂ "ಒಸಿ" ಹೋಗಿ "ಹಸಿ" ಆಗಿತ್ತು. ಹಸಿ ಹಿಟ್ಟು, ಹಸಿ ಉಪ್ಪು, ಹಸಿ ಬೆಲ್ಲ! ಅತ್ತೆಗೆ ಓದಿ ಹೇಳಿದೆ. ನಗಲಿಲ್ಲ ಅವರು. "ನಾನು ಏಳಿದ್ದು ತಪ್ಪಾ?" ಅಂದ್ರು. ಆವತ್ತಿಂದ ನಂಗೆ ತಡಿಯೋಕಾಗಿಲ್ಲ, ಅದಕ್ಕೇ ಬರೀತಿದೀನಿ.

ಮೊದಲು ಒಂದು ವಿಷಯ ತಿಳ್ಕೊಳ್ಳಿ. ಆ ಕೆಂಪು ಗೆರೆ "ಇದು ತಪ್ಪು" ಅಂತ ಹೇಳ್ತಿಲ್ಲ. "ಈ ಪದ ನನ್ನ ಪಟ್ಟೀಲಿ ಇಲ್ಲ" ಅಂತ ಅಷ್ಟೇ ಹೇಳ್ತಿದೆ. ಅದರಲ್ಲೂ ನಮ್ಮ ಕನ್ನಡದಲ್ಲಿ ಪದಕ್ಕೆ ಪದ ಅಂಟ್ಕೊಂಡೇ ಹೋಗುತ್ತೆ. ಮನೆ, ಮನೆಯವರು, ಮನೆಯವರಿಗೂ, ಮನೆಯವರಿಗೇನಂತೆ. ಇಷ್ಟನ್ನೂ ಯಾವ ಪಟ್ಟಿ ತುಂಬ್ಕೊಳ್ಳುತ್ತೆ? ಶುದ್ಧ ಪುಸ್ತಕದ ಕನ್ನಡಕ್ಕೇ ಗೆರೆ ಬೀಳುತ್ತೆ ಅಂದ್ಮೇಲೆ ಮನೆ ಮಾತಿನ ಗತಿ ಏನು? ದೇವನೂರ ಮಹಾದೇವ ಅವರ "ಕುಸುಮಬಾಲೆ" ಪೂರ್ತಿ ಆಡುಮಾತಲ್ಲೇ ಇದೆ, ಅದಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರ ಒಂದು ಪುಟ ಇದಕ್ಕೆ ಕೊಟ್ಟು ನೋಡಿ, ಕುಂಕುಮ ಚೆಲ್ಲಿದ ಹಾಗೆ ಕಾಣುತ್ತೆ. ಪುಸ್ತಕ ತಪ್ಪಾ, ಪಟ್ಟಿ ಚಿಕ್ಕದಾ?

ಕೆಂಪು ಗೆರೆಯಾದ್ರೂ ಕಣ್ಣಿಗೆ ಕಾಣುತ್ತೆ. ಹೇಳದೆ ಕೇಳದೆ ತಿದ್ದೋದು ಇದೆಯಲ್ಲ, ಅದು ಇನ್ನೂ ಕಿಲಾಡಿ. ಹೋದ ವರ್ಷ ನಾಮಕರಣದ ಕರೆಯೋಲೆಗೆ ಏಪ್ರಿಲ್ ಒಂದು ಅಂತ 1/4 ಹೊಡೆದೆ. ಸ್ಪೇಸ್ ಒತ್ತಿದ ತಕ್ಷಣ ಅದು ಕಾಲು ಭಾಗದ ಗುರುತು ಆಗಿ ಕೂತಿದೆ, ನಾನು ನೋಡೇ ಇಲ್ಲ. ಬಸವೇಶ್ವರನಗರದ ನಮ್ಮ ಓರಗಿತ್ತಿ ಫೋನ್ ಮಾಡಿ, "ಕಾಲು ಕೆ.ಜಿ. ನಾಮಕರಣ ಯಾವತ್ತಕ್ಕಾ?" ಅಂತ ಕೇಳಿದ್ಲು.

ಹಳೇ ನುಡಿ ಫಾಂಟಲ್ಲಿ ಸಂಘದ ವರದಿ ಬರೆದೋರಿಗೆ ಇದರ ಇನ್ನೊಂದು ರುಚಿ ಗೊತ್ತು. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡ ಕೂರಿಸಿದ್ವು. ಸಣ್ಣ "ಡಿ" ಜಾಗದಲ್ಲಿ ಜ, ದೊಡ್ಡ "ಡಿ" ಜಾಗದಲ್ಲಿ ಆ. ತಿದ್ದೋ ಯಂತ್ರ ಅದನ್ನ ಇಂಗ್ಲಿಷ್ ಅಂದ್ಕೊಂಡು, ಸಾಲಿನ ಮೊದಲ ಅಕ್ಷರ ದೊಡ್ಡದಾಗ್ಬೇಕು ಅಂತ ತಿದ್ದಿದ್ರೆ "ಜನ" ಹೋಗಿ "ಆನ" ಆಗುತ್ತೆ. ಈಗಿನ ಯೂನಿಕೋಡ್ ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರ ಇಲ್ಲ, ಆ ಕಾಟ ತಪ್ಪಿದೆ.

"ಹಂಗಾದ್ರೆ ಎಲ್ಲಾ ಆಫ್ ಮಾಡ್ಬಿಡಿ" ಅಂತಾರೆ ಕೆಲವರು. ನಾನು ಒಪ್ಪಲ್ಲ. ಹೊಸದಾಗಿ ಬಂದ ಕೆಲಸದೋಳು ಸಾಸಿವೆ ಡಬ್ಬಿ ಎಲ್ಲೋ ಇಟ್ಲು ಅಂತ ಬಿಡಿಸ್ತೀವಾ? ನಮ್ಮನೇಲಿ ಯಾವುದು ಎಲ್ಲಿ ಅಂತ ಹೇಳಿಕೊಡ್ತೀವಿ. ಇದೂ ಹಾಗೇ.

ಹೇಳಿಕೊಡೋದು ಹೀಗೆ. ಕೆಂಪು ಗೆರೆ ಬಿದ್ದ ಪದದ ಮೇಲೆ ಮೌಸಿನ ಬಲಗುಂಡಿ ಒತ್ತಿ, "ಆಡ್ ಟು ಡಿಕ್ಷನರಿ" ಕೊಡಿ. ಒಸಿ ಒಂದು ಸಲ ಸೇರಿಸಿದ್ರೆ ಆ ಕಂಪ್ಯೂಟರಲ್ಲಿ ಮತ್ತೆ ಗೆರೆ ಬೀಳಲ್ಲ. ತಾನಾಗೇ ತಿದ್ದಿದ್ರೆ ತಕ್ಷಣ ಕಂಟ್ರೋಲ್ ಝಡ್ ಒತ್ತಿ, ತಿದ್ದಿದ್ದು ಮಾತ್ರ ವಾಪಸ್ ಹೋಗುತ್ತೆ. ಪೂರ್ತಿ ನಿಲ್ಲಿಸ್ಬೇಕು ಅಂದ್ರೆ ವರ್ಡಲ್ಲಿ ಫೈಲ್, ಆಪ್ಷನ್ಸ್, ಪ್ರೂಫಿಂಗ್, ಆಟೋಕರೆಕ್ಟ್ ಆಪ್ಷನ್ಸ್. ದುಡ್ಡಿಲ್ಲದೆ ಸಿಗೋ ಲಿಬ್ರೆ ಆಫೀಸಲ್ಲಿ ಟೂಲ್ಸ್ ಒಳಗೆ ಆಟೋಕರೆಕ್ಟ್. ಅಲ್ಲಿ ಒಂದೊಂದು ಭಾಷೆಗೂ ಬೇರೆ ಬೇರೆ ಪಟ್ಟಿ ಇಟ್ಕೋಬಹುದು. ಭಿನ್ನರಾಶಿ ಮಾಡೋ ಟಿಕ್ಕು ತೆಗೀರಿ. ಬೇಡದ ಸಾಲು ಅಳಿಸಿ.

ಆಮೇಲೆ ನಿಮ್ಮದು ಸೇರಿಸಿ. ಎಡಗಡೆ ಚಿಕ್ಕದು, ಬಲಗಡೆ ಪೂರ್ತಿ. ನಾನು "ಹಿಅಬೇ" ಹೊಡುದ್ರೆ "ಹಿತಕಿದ ಅವರೆಬೇಳೆ ಸಾರು" ಬರುತ್ತೆ. ಚಿಕ್ಕದು ಮಾತ್ರ ಬೇರೆ ಅರ್ಥ ಇರೋ ಪದ ಆಗಬಾರದು. "ಸಾರು" ಅಂತ ಇಟ್ಟು ಬಲಗಡೆ "ಬಸ್ಸಾರು" ಅಂತ ಕೊಟ್ರೆ ಬರೀ ಸಾರು ಅಂತ ಹೊಡೆದ್ರೂ ಬಸ್ಸಾರಾಗುತ್ತೆ! ಇನ್ನೊಂದು, ಈ ಪಟ್ಟಿ ನಿಮ್ಮ ಕಂಪ್ಯೂಟರಲ್ಲೇ ಇರುತ್ತೆ. ಮಗಳ ಲ್ಯಾಪ್‌ಟಾಪಲ್ಲಿ ಕೂತ್ರೆ ಮತ್ತೆ ಮೊದಲಿಂದ.

"ಶುದ್ಧ ಕನ್ನಡ ಬೇಡ್ವಾ?" ಅಂತ ಕೇಳ್ತೀರಿ. ಬೇಕು ಕಣ್ರೀ. ಬ್ಯಾಂಕಿಗೆ ಅರ್ಜಿ ಬರೆಯೋವಾಗ "ಸ್ವಲ್ಪ" ಅಂತ ನಾನೇ ಬರೀತೀನಿ. ಎಲ್ಲಿ ಯಾವ ಮಾತು ಅನ್ನೋದು ನನಗೆ ಗೊತ್ತು. ಮದುವೆ ಮನೆಗೆ ರೇಷ್ಮೆ ಸೀರೆ, ಒಲೆ ಮುಂದೆ ನೂಲಿನ ಸೀರೆ ಅಂತ ನನಗೆ ಯಾರೂ ಹೇಳಿಕೊಡ್ಬೇಕಾಗಿಲ್ಲ. ಅದನ್ನ ಯಂತ್ರ ತೀರ್ಮಾನ ಮಾಡೋದು ಬೇಡ, ಅಷ್ಟೇ ನನ್ನ ಜಗಳ.

ಯಾಕಂದ್ರೆ ಅತ್ತೆಗೆ ಈಗ ಎಂಬತ್ತು ದಾಟಿದೆ. ಈ ಮನೇಲಿ ಒಸಿ, ಎಸ್ರು, ಆಮ್ಯಾಕೆ ಅನ್ನೋರು ಅವರೊಬ್ಬರೇ. ನಾವು ಸುಸ್ತಾಗಿ "ಸರಿ ಮಾಡು" ಅಂತ ಒಂದೊಂದು ಸಲ ಒತ್ತಿದಾಗಲೂ ಅವರ ಒಂದು ಮಾತು ಹೋಗುತ್ತೆ. ನಾಳೆ ಮೊಮ್ಮಕ್ಕಳು ಓದೋವಾಗ ಅಡುಗೆ ಇರುತ್ತೆ, ಅಜ್ಜಿ ಇರಲ್ಲ.

ತಂಗಿ ಮಗಳನ್ನ ಮೊನ್ನೆ ಮತ್ತೆ ಕೂರಿಸ್ಕೊಂಡೆ. ಹಸಿ ಆಗಿದ್ದನ್ನೆಲ್ಲ ಹುಡುಕಿ ಅವಳೇ ಒಸಿ ಮಾಡಿದ್ಲು. ಹಸಿಮೆಣಸಿನಕಾಯಿ ಮಾತ್ರ ಹಾಗೇ ಬಿಡು ಅಂದೆ. ಅತ್ತೆ ಪಕ್ಕದಲ್ಲೇ ಕೂತು, "ಇನ್ನೂ ಒಸಿ ಐತೆ, ಬರ್ಕೋ" ಅಂದ್ರು.