ಬಂದವರ ಲೆಕ್ಕ ಸಾಕು, ಉಳಿದವರ ಲೆಕ್ಕ ಬೇಕು

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್: ತಂಡದ ಬಲವನ್ನು ಅಭಿಮಾನಿಗಳು ಅಳೆಯುವ ಬಗೆ ಬದಲಾಗಬೇಕಿದೆ

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ರಾಷ್ಟ್ರೀಯ ಟೂರ್ನಿಯಷ್ಟೇ ಕಾವೇರುವ ಇನ್ನೊಂದು ಸ್ಪರ್ಧೆ ಹುಟ್ಟಿಕೊಂಡಿದೆ. ಕಾಲೇಜು ಬದಲಿಸಬೇಕೆಂದಿರುವ ಆಟಗಾರರು ಹೆಸರು ನೋಂದಾಯಿಸುವ ‘ಟ್ರಾನ್ಸ್‌ಫರ್ ಪೋರ್ಟಲ್’ ವಸಂತದಲ್ಲಿ ತೆರೆಯುತ್ತದೆ. 2025ರಲ್ಲಿ ಅದು ತೆರೆದದ್ದು ಮಾರ್ಚ್ 24ರಂದು. ಟೂರ್ನಿಯಲ್ಲಿ ಆಗಿನ್ನೂ 16 ತಂಡಗಳು ಕಣದಲ್ಲಿದ್ದವು. ಆ ಒಂದು ವಸಂತದಲ್ಲೇ ಎರಡು ಸಾವಿರಕ್ಕೂ ಹೆಚ್ಚು ಪುರುಷ ಆಟಗಾರರು ಹೆಸರು ಕೊಟ್ಟರು. ಮೊದಲ ದರ್ಜೆಯ ವಿಭಾಗದಲ್ಲಿರುವ ತಂಡಗಳು ಸುಮಾರು 360. ಒಂದೊಂದು ತಂಡದಿಂದ ಸರಾಸರಿ ಐದಕ್ಕೂ ಹೆಚ್ಚು ಮಂದಿ ಗಂಟುಮೂಟೆ ಕಟ್ಟಿದಂತಾಯಿತು.

ಅಲ್ಲಿಂದ ಬೇಸಿಗೆಯುದ್ದಕ್ಕೂ ಅಭಿಮಾನಿಗಳ ಬಾಯಲ್ಲಿ ಇದೇ ಮಾತು. ನಮ್ಮ ತಂಡಕ್ಕೆ ಯಾರು ಬಂದರು? ಹಿಂದಿನ ಕಾಲೇಜಿನಲ್ಲಿ ಅವನು ಪಂದ್ಯಕ್ಕೆ ಎಷ್ಟು ಅಂಕ ಗಳಿಸುತ್ತಿದ್ದ? ಎತ್ತರದ ಸೆಂಟರ್ ಇನ್ನೊಬ್ಬ ಬೇಡವೇ? ಬೆಂಚಿನಲ್ಲಿ ಒಂಬತ್ತನೆಯವನು, ಹತ್ತನೆಯವನು ಯಾರು? ಬಂದವರ ಪಟ್ಟಿ ಉದ್ದವಾದಷ್ಟೂ ತಂಡಕ್ಕೆ ಆಳ ಹೆಚ್ಚಿತು ಎಂಬ ನಂಬಿಕೆ ಈ ಚರ್ಚೆಗಳ ಬುಡದಲ್ಲಿದೆ. ಈ ನಂಬಿಕೆಯೇ ತಪ್ಪು ಎಂಬುದು ನನ್ನ ವಾದ. ಈಚಿನ ವರ್ಷಗಳ ಚಾಂಪಿಯನ್ ತಂಡಗಳನ್ನು ನೋಡಿದರೆ, ಆಳ ಹುಟ್ಟುವುದು ಹೊಸಬರ ಆಗಮನದಿಂದಲ್ಲ, ಬಂದವರು ಎರಡನೆಯ ವರ್ಷವೂ ಅಲ್ಲೇ ಉಳಿಯುವುದರಿಂದ ಎಂಬುದು ಗೊತ್ತಾಗುತ್ತದೆ.

ಈ ವಲಸೆಗೆ ದಾರಿ ತೆರೆದ ನಿಯಮಗಳನ್ನು ಮೊದಲು ನೋಡಬೇಕು. ಹಿಂದೆ ಕಾಲೇಜು ಬದಲಿಸಿದ ಆಟಗಾರ ಒಂದು ವರ್ಷ ಅಂಗಳಕ್ಕಿಳಿಯುವಂತಿರಲಿಲ್ಲ. ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ 2018ರ ಅಕ್ಟೋಬರ್‌ನಲ್ಲಿ ಪೋರ್ಟಲ್ ಶುರುಮಾಡಿತು. 2021ರ ಏಪ್ರಿಲ್‌ನಲ್ಲಿ, ಒಂದು ಸಲ ಕಾಲೇಜು ಬದಲಿಸಿದರೆ ವರ್ಷ ಕಾಯಬೇಕಿಲ್ಲ ಎಂದಿತು. ಅದೇ ಜುಲೈನಿಂದ ಆಟಗಾರರು ತಮ್ಮ ಹೆಸರು, ಚಿತ್ರ ಬಳಸುವ ಹಕ್ಕನ್ನು ಕೊಟ್ಟು ಹಣ ಪಡೆಯಬಹುದಾಯಿತು. 2023ರ ಡಿಸೆಂಬರ್‌ನಲ್ಲಿ ವೆಸ್ಟ್ ವರ್ಜೀನಿಯಾದ ನ್ಯಾಯಾಲಯವೊಂದು ಉಳಿದಿದ್ದ ತಡೆಯನ್ನೂ ಸರಿಸಿತು. 2024ರ ಏಪ್ರಿಲ್‌ನಿಂದ, ಓದಿನಲ್ಲಿ ಅರ್ಹತೆ ಉಳಿಸಿಕೊಂಡವನು ಎಷ್ಟು ಸಲ ಬೇಕಾದರೂ ಕಾಲೇಜು ಬದಲಿಸಬಹುದು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿ ಸೂತ್ರದ ಪ್ರಕಾರ, ಕಾಲೇಜುಗಳು ಎಲ್ಲ ಕ್ರೀಡೆಗಳೂ ಸೇರಿ ಮೊದಲ ವರ್ಷ ಸುಮಾರು 2.05 ಕೋಟಿ ಡಾಲರ್‌ವರೆಗೆ ಆಟಗಾರರಿಗೆ ನೇರವಾಗಿ ಹಂಚಬಹುದಾಯಿತು.

ಈ ಬದಲಾವಣೆಯ ಪೂರ್ತಿ ಚಿತ್ರ ಕಾಣಬೇಕಾದರೆ ಕೆಂಟಕಿ ವಿಶ್ವವಿದ್ಯಾಲಯವನ್ನು ನೋಡಬೇಕು. ಎಂಟು ರಾಷ್ಟ್ರೀಯ ಪ್ರಶಸ್ತಿ ಗೆದ್ದ, ಲೆಕ್ಸಿಂಗ್ಟನ್ ನಗರದ ರಪ್ ಅರೀನಾದಲ್ಲಿ ಇಪ್ಪತ್ತು ಸಾವಿರದಷ್ಟು ಜನರನ್ನು ಸೇರಿಸುವ ತಂಡ ಅದು. 2024ರ ಮಾರ್ಚ್‌ನಲ್ಲಿ ಮೊದಲ ಸುತ್ತಿನಲ್ಲೇ ಓಕ್ಲೆಂಡ್ ಎಂಬ ಸಣ್ಣ ವಿಶ್ವವಿದ್ಯಾಲಯಕ್ಕೆ 80-76ರಿಂದ ಸೋತಿತು. ಕೋಚ್ ಜಾನ್ ಕ್ಯಾಲಿಪರಿ ಅರ್ಕಾನ್ಸಾಗೆ ಹೋದರು. ಅವರ ಹಿಂದೆಯೇ ತಂಡವೂ ಚದುರಿತು. ಅವರ ಜಾಗಕ್ಕೆ ಬಂದ ಮಾರ್ಕ್ ಪೋಪ್, 1996ರಲ್ಲಿ ಪ್ರಶಸ್ತಿ ಗೆದ್ದ ಕೆಂಟಕಿ ತಂಡದ ನಾಯಕ. ಅವರೂ ವಾಷಿಂಗ್ಟನ್ ವಿಶ್ವವಿದ್ಯಾಲಯದಿಂದ ವಲಸೆ ಬಂದವರೇ. ಒಂದು ವರ್ಷ ಹೊರಗೆ ಕುಳಿತು, ಆಮೇಲೆ ಎರಡು ಋತು ಆಡಿ ಗೆದ್ದವರು.

ಪೋಪ್ ಒಂದೇ ಬೇಸಿಗೆಯಲ್ಲಿ ಇಡೀ ತಂಡವನ್ನು ಹೊಸದಾಗಿ ಕಟ್ಟಿದರು. ಸ್ಯಾನ್ ಡಿಯಾಗೊ ಸ್ಟೇಟ್‌ನಿಂದ ಲಮಾಂಟ್ ಬಟ್ಲರ್, ಡೇಟನ್‌ನಿಂದ ಮೂರಂಕದ ಎಸೆತಗಾರ ಕೋಬಿ ಬ್ರೇ, ಡ್ರೆಕ್ಸೆಲ್‌ನಿಂದ ಅಮಾರಿ ವಿಲಿಯಮ್ಸ್, ಒಕ್ಲಹಾಮದಿಂದ ಒಟೆಗಾ ಒವೆ, ಬ್ರಿಗಮ್ ಯಂಗ್‌ನಿಂದ ಜ್ಯಾಕ್ಸನ್ ರಾಬಿನ್ಸನ್ ಬಂದರು. ಋತುವಿನ ಆರಂಭದಲ್ಲೇ ಡ್ಯೂಕ್ ತಂಡವನ್ನು 77-72ರಿಂದ ಸೋಲಿಸಿದಾಗ ಅಭಿಮಾನಿಗಳಿಗೆ ಆಕಾಶಕ್ಕೆ ಮೂರೇ ಗೇಣು. ಆಮೇಲೆ ಗಾಯಗಳ ಸರಣಿ ಶುರುವಾಯಿತು. ಡಿಸೆಂಬರ್‌ನಲ್ಲಿ ತಂಡದ ಇನ್ನೊಬ್ಬ ಆಟಗಾರ ಕೆರ್ ಕ್ರೀಸಾ ಅವರ ಪಾದಕ್ಕೆ ಪೆಟ್ಟಾಯಿತು, ಬಟ್ಲರ್ ಭುಜ ಕೈಕೊಟ್ಟಿತು, ಮಣಿಕಟ್ಟಿನ ಗಾಯದಿಂದ ರಾಬಿನ್ಸನ್ ಹೊರಬಿದ್ದರು. ತಂಡ ಹದಿನಾರರ ಘಟ್ಟ ಮುಟ್ಟಿ, ಲೀಗ್‌ನಲ್ಲಿ ಎರಡು ಸಲ ತಾನೇ ಸೋಲಿಸಿದ್ದ ಟೆನೆಸ್ಸಿಗೆ 78-65ರಿಂದ ಶರಣಾಯಿತು. 24 ಗೆಲುವು, 12 ಸೋಲು. ಮೊದಲ ವರ್ಷದ ತಂಡಕ್ಕೆ ಇದು ಕಡಿಮೆ ಸಾಧನೆಯಲ್ಲ. ಆದರೆ ಬೇಸಿಗೆಯಲ್ಲಿ ಎಲ್ಲರೂ ಕೊಂಡಾಡಿದ ‘ಆಳ’ ಮಾರ್ಚ್ ಹೊತ್ತಿಗೆ ಬತ್ತಿತ್ತು.

ಏಕೆ ಹೀಗಾಗುತ್ತದೆ ಎಂಬುದಕ್ಕೆ ಸರಳ ಗಣಿತ ಸಾಕು. ಕಾಲೇಜು ಪಂದ್ಯ 40 ನಿಮಿಷದ್ದು. ಅಂಗಳದಲ್ಲಿ ಐದು ಜನ. ಕೋಚ್ ಹಂಚಬಹುದಾದದ್ದು ಒಟ್ಟು 200 ನಿಮಿಷ. ಮೊದಲ ಐವರು ತಲಾ 30 ನಿಮಿಷ ಆಡಿದರೆ 150 ಮುಗಿಯಿತು. ಉಳಿದ 50 ನಿಮಿಷ ಮೂರು ನಾಲ್ಕು ಜನಕ್ಕೆ ಹಂಚಿಹೋಗುತ್ತದೆ. ಹತ್ತನೆಯವನಿಗೂ ಹನ್ನೊಂದನೆಯವನಿಗೂ ಸಿಗುವುದು ಬೆಂಚು ಮಾತ್ರ. ಹಿಂದಿನ ಕಾಲೇಜಿನಲ್ಲಿ ನಾಯಕನಾಗಿ ಮೆರೆದು ಬಂದವನು ಅಲ್ಲಿ ಎಷ್ಟು ದಿನ ಕುಳಿತಾನು? ಮುಂದಿನ ವಸಂತಕ್ಕೆ ಅವನೂ ಹೊರಡುತ್ತಾನೆ; ಆ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ. ಹೆಸರುಗಳಿಂದ ಬೆಂಚು ತುಂಬಿಸಿದಷ್ಟೂ ಮುಂದಿನ ವರ್ಷ ಅದು ಬೇಗ ಖಾಲಿಯಾಗುತ್ತದೆ.

ಇದರ ಜೊತೆಗೆ, ಹಿಂದಿನ ಕಾಲೇಜಿನಲ್ಲಿ ಗಳಿಸಿದ ಅಂಕ ಹೊಸ ತಂಡಕ್ಕೆ ಹಾಗೇ ವರ್ಗವಾಗುವುದಿಲ್ಲ. ಪಂದ್ಯಕ್ಕೆ 18 ಅಂಕ ಗಳಿಸುತ್ತಿದ್ದ ಮೂವರನ್ನು ತಂದರೆ 54 ಅಂಕ ಕೂಡುವುದಿಲ್ಲ, ಏಕೆಂದರೆ ಚೆಂಡು ಒಂದೇ. ಅವರಲ್ಲಿ ಒಬ್ಬ ರೀಬೌಂಡ್‌ಗೆ ಮೈ ಒಡ್ಡಬೇಕು, ಇನ್ನೊಬ್ಬ ಎದುರಾಳಿಯ ಉತ್ತಮ ಗಾರ್ಡ್‌ನ ಬೆನ್ನು ಬಿಡದೆ ಕಾಯಬೇಕು. ಈ ಪಾತ್ರವನ್ನು ಒಪ್ಪಿ ಕಲಿಯಲು ಸಮಯ ಬೇಕು. ನವೆಂಬರ್‌ಗೆ ಮುನ್ನ ಸಿಗುವ ಕೆಲವು ತಿಂಗಳ ಅಭ್ಯಾಸದಲ್ಲಿ ಅದು ಆಗುವುದು ಅಪರೂಪ.

ಈಗ 2025ರ ಚಾಂಪಿಯನ್ ಫ್ಲಾರಿಡಾ ತಂಡಕ್ಕೆ ಬರೋಣ. ಫೈನಲ್‌ನಲ್ಲಿ ಹ್ಯೂಸ್ಟನ್ ತಂಡವನ್ನು 65-63ರಿಂದ ಮಣಿಸಿದ ಈ ತಂಡದ ಮೂವರು ಮುಖ್ಯ ಗಾರ್ಡ್‌ಗಳೂ ವಲಸೆ ಬಂದವರು. ಇದನ್ನೇ ಹಿಡಿದು, ಪೋರ್ಟಲ್‌ನಲ್ಲಿ ಚೆನ್ನಾಗಿ ಆರಿಸಿದವರು ಗೆಲ್ಲುತ್ತಾರೆ ಎಂದು ಹಲವರು ಷರಾ ಬರೆದರು. ಅವರು ಬಂದ ವರ್ಷಗಳನ್ನು ನೋಡಿದರೆ ಕಥೆ ಬೇರೆಯೇ ಇದೆ. ವಿಲ್ ರಿಚರ್ಡ್ ಬೆಲ್ಮಾಂಟ್‌ನಿಂದ ಬಂದದ್ದು 2022ರಲ್ಲಿ. ವಾಲ್ಟರ್ ಕ್ಲೇಟನ್ ಜೂನಿಯರ್ ಅಯೋನಾದಿಂದ ಬಂದದ್ದು 2023ರಲ್ಲಿ. ಫ್ಲಾರಿಡಾ ಅಟ್ಲಾಂಟಿಕ್‌ನಿಂದ ಬಂದ ಅಲಿಜಾ ಮಾರ್ಟಿನ್ ಮಾತ್ರ ಆ ವರ್ಷದ ಹೊಸಬ. ಅಲೆಕ್ಸ್ ಕಾಂಡನ್, ಥಾಮಸ್ ಹಾವ್ ಮೊದಲ ವರ್ಷದಿಂದ ಅಲ್ಲೇ ಬೆಳೆದವರು. ಮಾರ್ಷಲ್‌ನಿಂದ ಬಂದಿದ್ದ ಮೈಕಾ ಹ್ಯಾಂಡ್‌ಲಾಗ್ಟನ್ 2024ರ ಮಾರ್ಚ್‌ನಲ್ಲಿ ಕಾಲು ಮುರಿದುಕೊಂಡರು. ಇಡೀ ಋತು ಹೊರಗುಳಿಯುವ ಯೋಚನೆಯಿದ್ದರೂ ತಂಡಕ್ಕೆ ಬೇಕಾದಾಗ 2025ರ ಫೆಬ್ರುವರಿಯಲ್ಲಿ ಮತ್ತೆ ಅಂಗಳಕ್ಕಿಳಿದರು. ಸೆಮಿಫೈನಲ್‌ನಲ್ಲಿ 34 ಅಂಕ ಗಳಿಸಿದ್ದ ಕ್ಲೇಟನ್ ಫೈನಲ್‌ನ ಮೊದಲರ್ಧದಲ್ಲಿ ಒಂದು ಅಂಕವನ್ನೂ ಗಳಿಸಲಿಲ್ಲ. ಆಗ ತಂಡವನ್ನು ಹೊತ್ತದ್ದು ಮೂರನೆಯ ವರ್ಷ ಅದೇ ಜೆರ್ಸಿ ತೊಟ್ಟಿದ್ದ ರಿಚರ್ಡ್. ಅವರದು 18 ಅಂಕ. ಆಳ ಎಂದರೆ ಇದು.

2023 ಮತ್ತು 2024ರಲ್ಲಿ ಸತತವಾಗಿ ಗೆದ್ದ ಕನೆಕ್ಟಿಕಟ್ ತಂಡವೂ ಇದನ್ನೇ ಹೇಳುತ್ತದೆ. ಈ ಎರಡು ಟೂರ್ನಿಗಳ 12 ಪಂದ್ಯಗಳನ್ನೂ ಅದು ಎರಡಂಕಿಯ ಅಂತರದಲ್ಲಿ ಗೆದ್ದಿತು. ಈಸ್ಟ್ ಕ್ಯಾರೊಲಿನಾದಿಂದ ಬಂದ ಟ್ರಿಸ್ಟನ್ ನ್ಯೂಟನ್, ಟೆಕ್ಸಸ್ ಎ ಆ್ಯಂಡ್ ಎಂನಿಂದ ಬಂದ ಹಸನ್ ಡಿಯಾರಾ ಎರಡೂ ಪ್ರಶಸ್ತಿಗಳಲ್ಲಿ ಪಾಲುದಾರರು. 2023ರಲ್ಲಿ ಆಡಮಾ ಸನೋಗೊ ಹಿಂದೆ ಬೆಂಚಿನಲ್ಲಿ ಕುಳಿತು ತನ್ನ ಸರದಿಗೆ ಕಾದ ಡೊನೊವನ್ ಕ್ಲಿಂಗನ್, ಮರುವರ್ಷ ತಂಡದ ಸೆಂಟರ್ ಆದರು. ಕ್ಲಿಂಗನ್ ಆ ಬೇಸಿಗೆಯಲ್ಲಿ ಹೊರಟಿದ್ದರೆ ಯಾವ ಕಾಲೇಜು ಬೇಕಾದರೂ ಕೈಚಾಚುತ್ತಿತ್ತು.

2024ರ ಫೈನಲ್‌ನಲ್ಲಿ ಕನೆಕ್ಟಿಕಟ್‌ಗೆ ಎದುರಾದ ಪರ್ಡ್ಯೂ ತಂಡದ್ದು ಇನ್ನೂ ದೊಡ್ಡ ಪಾಠ. 2023ರಲ್ಲಿ ಅಗ್ರ ಶ್ರೇಯಾಂಕದ ಪರ್ಡ್ಯೂ, 16ನೇ ಶ್ರೇಯಾಂಕದ ಫೇರ್ಲಿ ಡಿಕಿನ್ಸನ್‌ಗೆ 63-58ರಿಂದ ಸೋತಿತ್ತು. ಅಂಥ ಅವಮಾನದ ನಂತರ ತಂಡವನ್ನು ಒಡೆದು ಕಟ್ಟುವುದೇ ಈಗಿನ ರೂಢಿ. ಆದರೆ ಪರ್ಡ್ಯೂಗೆ ಜ್ಯಾಕ್ ಎಡಿ, ಬ್ರೇಡನ್ ಸ್ಮಿತ್, ಫ್ಲೆಚರ್ ಲೋಯರ್ ಮರಳಿ ಬಂದರು. ಆಡುವವರ ಬಳಗಕ್ಕೆ ಹೊರಗಿನಿಂದ ಸೇರಿದವರು ಸದರ್ನ್ ಇಲಿನಾಯ್‌ನ ಲ್ಯಾನ್ಸ್ ಜೋನ್ಸ್ ಒಬ್ಬರೇ. ತಂಡ ನೇರ ಫೈನಲ್ ತಲುಪಿತು.

ಒಂದೇ ಬೇಸಿಗೆಯಲ್ಲಿ ಕಟ್ಟಿದ ತಂಡ ಗೆಲ್ಲಲಾರದು ಎಂದು ನಾನು ಹೇಳುತ್ತಿಲ್ಲ. ಮಿಷಿಗನ್ 2023–24ರಲ್ಲಿ 8 ಪಂದ್ಯ ಗೆದ್ದು 24 ಸೋತಿತ್ತು. ಹೊಸ ಕೋಚ್ ಡಸ್ಟಿ ಮೇ ವಲಸಿಗರ ಬಲದಿಂದಲೇ ಮರುವರ್ಷ 27 ಪಂದ್ಯ ಗೆದ್ದರು. ಲೂಯಿವಿಲ್ ಕೂಡ ಹಾಗೆಯೇ 8 ಗೆಲುವಿನಿಂದ 27ಕ್ಕೆ ಏರಿತು. ಬಿದ್ದ ತಂಡವನ್ನು ಮೇಲೆತ್ತಲು ಪೋರ್ಟಲ್‌ಗಿಂತ ವೇಗದ ಸಾಧನ ಇಲ್ಲ. ಆದರೆ ಎತ್ತಿದ್ದನ್ನು ನಿಲ್ಲಿಸಿಕೊಳ್ಳಲು ಬೇಕಾದದ್ದು ಬೇರೆ.

ಕನ್ನಡದ ಓದುಗರಿಗೆ ಐಪಿಎಲ್ ಹರಾಜಿನ ಅನುಭವವಿದೆ. 2024ರ ನವೆಂಬರ್‌ನಲ್ಲಿ ಕೆ.ಎಲ್. ರಾಹುಲ್ ಅವರನ್ನು ಆರ್‌ಸಿಬಿ ಕೊಳ್ಳದೆ ಬಿಟ್ಟಾಗ ಬೆಂಗಳೂರಿನ ಅಭಿಮಾನಿಗಳು ಸಿಟ್ಟಾಗಿದ್ದರು. 2025ರ ಜೂನ್ 3ರಂದು ಅದೇ ತಂಡ ಕಪ್ ಗೆದ್ದಿತು. ಆದರೆ ಐಪಿಎಲ್‌ಗೆ ಕಟ್ಟುಪಾಡುಗಳಿವೆ: ಆ ಹರಾಜಿನಲ್ಲಿ ತಂಡಕ್ಕೆ ₹120 ಕೋಟಿಯ ಮಿತಿ ಇತ್ತು, ಆರು ಆಟಗಾರರವರೆಗೆ ಉಳಿಸಿಕೊಳ್ಳುವ ಅವಕಾಶವಿತ್ತು. ಅಮೆರಿಕದ ಕಾಲೇಜು ತಂಡಕ್ಕೆ ಉಳಿಸಿಕೊಳ್ಳುವ ಅಂಥ ಹಕ್ಕು ಯಾವುದೂ ಇಲ್ಲ. ಪ್ರತಿ ವಸಂತವೂ ಅಲ್ಲಿ ಹೊಸ ಹರಾಜು.

ಇದರ ಹೊಡೆತ ಹೆಚ್ಚು ಬೀಳುವುದು ಸಣ್ಣ ಕಾಲೇಜುಗಳ ಮೇಲೆ. ಜೆರ್ಸಿ ಸಿಟಿಯ ಸೇಂಟ್ ಪೀಟರ್ಸ್ 2022ರಲ್ಲಿ ಕೆಂಟಕಿಯನ್ನು, ಆಮೇಲೆ ಪರ್ಡ್ಯೂವನ್ನು ಸೋಲಿಸಿ, 15ನೇ ಶ್ರೇಯಾಂಕದೊಂದಿಗೆ ಎಂಟರ ಘಟ್ಟ ತಲುಪಿದ ಮೊದಲ ತಂಡವಾಯಿತು. ಕೆಲವೇ ವಾರಗಳಲ್ಲಿ ಕೋಚ್ ಸೀಟನ್ ಹಾಲ್‌ಗೆ ಹೋದರು, ಮುಖ್ಯ ಆಟಗಾರರು ದಿಕ್ಕಾಪಾಲಾದರು. ಫ್ಲಾರಿಡಾ ಅಟ್ಲಾಂಟಿಕ್ 2023ರಲ್ಲಿ ಸೆಮಿಫೈನಲ್‌ವರೆಗೆ ಹೋಗಿ ಬಂದು, ಬಹುತೇಕ ಅದೇ ತಂಡವನ್ನು ಒಂದು ವರ್ಷ ಉಳಿಸಿಕೊಂಡಿತು. 2024ರಲ್ಲಿ ಮಾರ್ಟಿನ್ ಫ್ಲಾರಿಡಾಗೆ, ಜಾನೆಲ್ ಡೇವಿಸ್ ಅರ್ಕಾನ್ಸಾಗೆ, ವ್ಲಾಡ್ ಗೋಲ್ಡಿನ್ ಮತ್ತು ಕೋಚ್ ಮೇ ಇಬ್ಬರೂ ಮಿಷಿಗನ್‌ಗೆ ಹೋದರು. 2025ರಲ್ಲಿ ಹದಿನಾರರ ಘಟ್ಟ ತಲುಪಿದ ಅಷ್ಟೂ ತಂಡಗಳು ನಾಲ್ಕು ಶ್ರೀಮಂತ ಒಕ್ಕೂಟಗಳಿಗೆ ಸೇರಿದವು. ಸಣ್ಣ ಊರಿನ ತಂಡವೊಂದು ದೊಡ್ಡವರನ್ನು ಕೆಡವುವ ಸಾಧ್ಯತೆಯೇ ಈ ಟೂರ್ನಿಯ ಜೀವಾಳವಾಗಿತ್ತು. ಅದು ಕಣ್ಣೆದುರೇ ಕರಗುತ್ತಿದೆ.

ಹಾಗೆಂದು ಆಟಗಾರರನ್ನು ದೂರುವುದು ಅನ್ಯಾಯ. ಪುರುಷರ ಟೂರ್ನಿಯ ಪ್ರಸಾರ ಹಕ್ಕನ್ನು 2025ರಿಂದ 2032ರವರೆಗೆ ವಿಸ್ತರಿಸಿದ ಒಪ್ಪಂದದ ಮೊತ್ತವೇ 880 ಕೋಟಿ ಡಾಲರ್. ಇಷ್ಟು ಹಣ ಹರಿಯುವ ಆಟದಲ್ಲಿ ಬೆವರು ಸುರಿಸುವವನು ಬರಿಗೈಯಲ್ಲಿರಬೇಕು ಎನ್ನುವುದಕ್ಕೆ ಯಾವ ನೀತಿಯ ಬಲವೂ ಇಲ್ಲ. ಒಪ್ಪಂದದ ನಡುವೆಯೇ ಕೋಚ್ ಊರು ಬದಲಿಸಬಹುದಾದರೆ ಇಪ್ಪತ್ತರ ಹುಡುಗನಿಗೆ ಮಾತ್ರ ಸರಪಳಿ ಏಕೆ? ಸ್ವಾತಂತ್ರ್ಯ ಉಳಿಯಲೇಬೇಕು. ಆದರೆ ಅದೇ ಕಾಲೇಜಿನಲ್ಲಿ ಉಳಿಯುವುದೂ ಆಟಗಾರನಿಗೆ ಲಾಭದ ಆಯ್ಕೆಯಾಗಬೇಕು.

ಅದಕ್ಕೆ ಎರಡು ದಾರಿಗಳು ಕಾಣುತ್ತವೆ. ಮೊದಲನೆಯದು, ಎರಡು ಅಥವಾ ಮೂರು ವರ್ಷಗಳ ಒಪ್ಪಂದ. ಉಳಿದ ಪ್ರತಿ ವರ್ಷಕ್ಕೂ ಏರುವ ಸಂಭಾವನೆ, ಪದವಿ ಮುಗಿಸಿದವನಿಗೆ ಹೆಚ್ಚಿನ ಪಾಲು, ಆಟಗಾರನಿಗೆ ಗಾಯವಾದರೂ ಹಣ ನಿಲ್ಲಿಸುವಂತಿಲ್ಲ ಎಂಬ ಖಾತರಿ. ಎರಡನೆಯದು, ಆಟಗಾರನನ್ನು ಬೆಳೆಸಿದ ಸಣ್ಣ ಕಾಲೇಜಿಗೆ ಪರಿಹಾರ. ಫುಟ್‌ಬಾಲ್‌ನಲ್ಲಿ ವರ್ಗಾವಣೆಯ ಮೊತ್ತದ ಶೇ 5ರಷ್ಟನ್ನು ಆಟಗಾರನಿಗೆ ತರಬೇತಿ ಕೊಟ್ಟ ಕ್ಲಬ್‌ಗಳಿಗೆ ಹಂಚುವ ಪದ್ಧತಿಯನ್ನು ಫಿಫಾ ಜಾರಿಯಲ್ಲಿಟ್ಟಿದೆ. ಅಂಥದ್ದೇ ಏರ್ಪಾಡು ಇಲ್ಲಿಯೂ ಬಂದರೆ ಸೇಂಟ್ ಪೀಟರ್ಸ್‌ನಂಥ ಕಾಲೇಜು ಮತ್ತೆ ತಂಡ ಕಟ್ಟುವ ಚೈತನ್ಯ ಪಡೆಯುತ್ತದೆ.

ಇನ್ನು ಅಭಿಮಾನಿಗಳ ಮಾತು. ಅವರು ಬರೀ ಪ್ರೇಕ್ಷಕರಲ್ಲ. ಟಿಕೆಟ್ ಹಣ ಅವರದ್ದು, ಆಟಗಾರರಿಗಾಗಿ ನಿಧಿ ಕೂಡಿಸುವ ದಾನಿಗಳ ಕೂಟಗಳಲ್ಲಿ ಇರುವವರೂ ಅವರೇ. ಅವರು ಏನನ್ನು ಹೊಗಳುತ್ತಾರೋ ಕೋಚ್ ಅದನ್ನೇ ಮಾಡುತ್ತಾನೆ. ಪ್ರತಿ ಏಪ್ರಿಲ್‌ನಲ್ಲಿ ಹೊಸ ಹೆಸರು ಕೇಳಿ ಕುಣಿದು, ಡಿಸೆಂಬರ್‌ನಲ್ಲಿ ಎರಡು ಪಂದ್ಯ ಸೋತ ಕೂಡಲೇ ಇವನನ್ನು ಕಳಿಸಿ ಇನ್ನೊಬ್ಬನನ್ನು ತನ್ನಿ ಎಂದರೆ, ಯಾವ ಕೋಚ್ ತಾನೇ ಹುಡುಗನೊಬ್ಬನನ್ನು ಎರಡು ವರ್ಷ ತಿದ್ದುತ್ತಾ ಕೂರುವ ಧೈರ್ಯ ಮಾಡುತ್ತಾನೆ? ಮುಂದಿನ ವಸಂತದಲ್ಲಿ ನಿಮ್ಮ ತಂಡಕ್ಕೆ ಯಾರು ಬಂದರು ಎಂದು ಕೇಳುವ ಮೊದಲು ಯಾರು ಉಳಿದರು ಎಂದು ಕೇಳಿ. ಬಂದವನನ್ನು ಮೊದಲ ವರ್ಷದ ಅಂಕಪಟ್ಟಿಯಿಂದ ತೂಗಬೇಡಿ. ಎರಡನೆಯ ವರ್ಷದವರೆಗೆ ಕಾಯಿರಿ. ನ್ಯೂಟನ್, ಕ್ಲೇಟನ್, ರಿಚರ್ಡ್ ಮೂವರೂ ಬೇರೆ ಕಾಲೇಜುಗಳಿಂದ ಬಂದವರು. ಮೂವರೂ ಉಳಿದದ್ದರಿಂದಲೇ ಅವರ ತಂಡಗಳು ಕಪ್ ಎತ್ತಿದವು.